ಕೂಡಿ ಆಡುವ ವಿದ್ಯೆ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಸವಿನಯವಾಗಿ ಅರಿಕೆ ಮಾಡತಕ್ಕದ್ದೇನಂದರೆ: ಕಳೆದ ವರುಷದಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯಲ್ಲಿ ನಡೆಯುತ್ತಿರುವ ಒಂದು ಆಟದ ವಿಷಯವಾಗಿ ನಿಮ್ಮಲ್ಲಿ ಕೆಲವರು ನಮಗೆ ಪತ್ರ ಬರೆದಿರುವಿರಿ. ಮೊಬೈಲಿನ ಆಟವನ್ನು ನಿಷೇಧಿಸಿದವರೇ ದಾಳದ ಆಟಕ್ಕೆ ಮೇಜು ಕುರ್ಚಿಗಳನ್ನು ಒದಗಿಸುವದು ನ್ಯಾಯವೋ ಎಂಬದು ಆ ಪತ್ರಗಳ ಸಾರ. ಪ್ರಶ್ನೆಯು ಯೋಗ್ಯವಾದದ್ದೇ. ಆದಕಾರಣ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸುತ್ತೇವೆ.

ಈ ಬಗೆಯ ಆಟಕ್ಕೆ ಮೂಲವಾದದ್ದು ೧೯೭೪ರಲ್ಲಿ ಅಮೇರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ ಹೊರಡಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನಾಲ್ಕೈದು ಮಂದಿ ಮೇಜಿನ ಸುತ್ತಲೂ ಕೂತು ಒಬ್ಬೊಬ್ಬಳು ಒಂದೊಂದು ಪಾತ್ರವನ್ನು ವಹಿಸುವಳು. ಒಬ್ಬಳು ಕಾದುವವಳು, ಒಬ್ಬಳು ಗಾಯ ಮಾಯಿಸುವವಳು, ಮತ್ತೊಬ್ಬಳು ಬೀಗ ಬಿಚ್ಚಬಲ್ಲವಳು. ಕಥೆ ನಡಿಸುವವಳು ಎದುರಾದ ಸಂಕಟವನ್ನು ವರ್ಣಿಸಿ, ‘ಈಗ ಏನು ಮಾಡುವಿರಿ?’ ಎಂದು ಕೇಳುವಳು. ಕೈಗೂಡುವದೋ ಇಲ್ಲವೋ ಎಂಬ ಸಂದೇಹವಿರುವ ಕಾರ್ಯವನ್ನು ಇಪ್ಪತ್ತು ಮುಖಗಳುಳ್ಳ ದಾಳವು ನಿರ್ಣಯಿಸುವದು. ಇದರಲ್ಲಿ ಪಣವಿಲ್ಲ, ದುಡ್ಡಿನ ಮಾತಿಲ್ಲ.

ಅಂತರಜಾಲದ ಆಟಗಳೆಲ್ಲವೂ ಬರೀ ಕಾಲಹರಣವೆಂದು ನಾವು ಮೊದಲು ತಿಳಿದಿದ್ದೆವು. ಅದು ದುಡುಕಿನ ಮಾತಾಗಿತ್ತು. ೨೦೦೪ರಲ್ಲಿ ಹೊರಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ನಾಲ್ವತ್ತು ಮಂದಿ ಒಂದೇ ದಂಡಾಗಿ ಹೋಗಿ ಗೆಲ್ಲಬೇಕಾದ ಗವಿಯೊಂದಿತ್ತು. ಕೆಲವರು ಶತ್ರುವಿನ ಕೋಪವನ್ನು ತಮ್ಮ ಮೇಲೆ ಎಳೆದುಕೊಳ್ಳಬೇಕು, ಕೆಲವರು ಅವರ ಗಾಯಗಳನ್ನು ವಾಸಿಮಾಡಬೇಕು, ಉಳಿದವರು ಹೊಡೆಯಬೇಕು. ಅಲ್ಲಿಯ ಒಬ್ಬ ಶತ್ರುವು ಯಾರನ್ನಾದರೂ ಸಿಡಿಮದ್ದಾಗಿ ಮಾರ್ಪಡಿಸುತ್ತಿದ್ದನು. ಹಾಗಾದವರು ಕೂಡಲೇ ಸಂಗಡಿಗರನ್ನು ಬಿಟ್ಟು ದೂರ ಓಡದಿದ್ದರೆ ಸುತ್ತಲಿದ್ದವರೂ ಸಾಯುವರು. ಇಂಥಾ ಶಿಸ್ತನ್ನು ನಾವು ಕವಾಯತಿನಲ್ಲಿಯೂ ಅಪರೂಪವಾಗಿ ಕಂಡಿದ್ದೇವೆ.

ಹಾಗಾದರೆ ಭೇದವೆಲ್ಲಿ? ಯಂತ್ರದ ಆಟದಲ್ಲಿ ಏನೇನು ಮಾಡಬಹುದೆಂಬದನ್ನು ಅದನ್ನು ಕಟ್ಟಿದವರು ಮೊದಲೇ ಗೊತ್ತುಮಾಡಿರುತ್ತಾರೆ. ಆಟಗಾರ್ತಿಯು ಆ ದಾರಿಯನ್ನು ಕಂಡುಹಿಡಿದು ತಪ್ಪದೆ ನಡೆಯಬೇಕು. ಮೇಜಿನ ಆಟದಲ್ಲಾದರೋ ತೀರ್ಪು ಕೊಡುವದು ಮನುಷ್ಯಬುದ್ಧಿಯೇ. ಯಾರೂ ನೆನಸದ ಉಪಾಯಕ್ಕೂ ಅಲ್ಲಿ ಎಡೆಯುಂಟು. ಒಂದು ಶನಿವಾರ ಸೇತುವೆಯನ್ನು ಕಾಯುವ ರಾಕ್ಷಸನೊಬ್ಬನು ಕಥೆಯಲ್ಲಿ ಎದುರಾದನು. ಎಲ್ಲರೂ ಕಾಳಗಕ್ಕೆ ಸಿದ್ಧರಾದಾಗ, ತರಗತಿಯಲ್ಲಿ ಬಾಯಿಬಿಡದ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ಅವನಿಗೆ ಹಸಿವೆಯಾಗಿದೆಯೋ ಕೇಳೋಣ’ ಅಂದಳು. ಆದರೆ ಅವಳ ಮಾತು ಮುಗಿಯುವ ಮೊದಲೇ ಮತ್ತೊಬ್ಬಳು ಕತ್ತಿ ಹಿರಿದೆನೆಂದು ಹೇಳಿ ದಾಳ ಎಸೆದಳು, ಒಂದು ಬಿತ್ತು. ಆ ದಿವಸ ಎಲ್ಲರೂ ಸೋತರು.

ಆ ಸೋಲಿಗಿಂತಲೂ ಅದರ ನಂತರದ ಅರ್ಧ ತಾಸು ನಮಗೆ ಬೆಲೆಯುಳ್ಳದ್ದಾಗಿ ತೋರಿತು. ಮೊಬೈಲಿನಲ್ಲಿ ನಾಲ್ವರ ತಂಡವು ಸೋತರೆ ಒಬ್ಬಳು ಮತ್ತೊಬ್ಬಳನ್ನು ಜರೆದು, ಗುಂಡಿಯೊತ್ತಿ ಹೊರಟುಹೋಗಬಹುದು. ಅನೇಕ ವೇಳೆ ಜೊತೆಯವರ ನಿಜವಾದ ಹೆಸರೂ ತಿಳಿದಿರುವದಿಲ್ಲ. ಮೇಜಿನ ಬಳಿಯಲ್ಲಿ ಎದುರಿನವಳ ಮುಖವನ್ನು ನೋಡಲೇಬೇಕು. ದುಡುಕಿದವಳು ತಾನಾಗಿಯೇ, ‘ನಿನ್ನ ಮಾತು ಕೇಳಬೇಕಾಗಿತ್ತು’ ಅಂದಳು. ಮುಂದಿನ ವಾರ ಆ ಮೌನದ ಹುಡುಗಿಯನ್ನು ಎಲ್ಲರೂ ಮೊದಲು ಕೇಳಿದರು.

ಮೇಜಿನ ಆಟದಲ್ಲಿಯೂ ದೋಷಗಳುಂಟು. ಗಟ್ಟಿ ದನಿಯವಳೊಬ್ಬಳೇ ಎಲ್ಲರ ಪಾಲನ್ನೂ ಆಡಿಬಿಡುವ ಅಪಾಯವನ್ನು ನಾವು ಕಂಡಿದ್ದೇವೆ. ಆದಕಾರಣ ಸರದಿಯ ನಿಯಮವನ್ನು ಮಾಡಿದ್ದೇವೆ. ಕಥೆಯಲ್ಲಿ ಮಾಟಮಂತ್ರಗಳು ಬರುವವೆಂದು ಪಾಲಕರೊಬ್ಬರು ಕಳವಳಪಟ್ಟಿರುತ್ತಾರೆ. ೧೯೮೦ರ ದಶಕದಲ್ಲಿ ಅಮೇರಿಕದ ಕ್ರೈಸ್ತರಲ್ಲಿಯೂ ಅನೇಕರು ಹೀಗೆಯೇ ಭಯಪಟ್ಟಿದ್ದರು. ಅಜ್ಜಿಯ ಕಥೆಯ ರಾಕ್ಷಸನಿಂದ ಕೆಡದ ಮಕ್ಕಳು ಇದರಿಂದ ಕೆಡುವರೆಂದು ನಮಗೆ ತೋರುವದಿಲ್ಲ. ಆದರೂ ಸಂದೇಹವುಳ್ಳವರು ಬಂದು ಮೇಜಿನ ಬಳಿ ಕೂತು ನೋಡಲಿ.

ಬರೀ ನಿಷೇಧದಿಂದ ಫಲವಿಲ್ಲವೆಂಬದು ಎಲ್ಲರಿಗೂ ತಿಳಿದದ್ದೇ. ೨೦೨೦ರ ಸಪ್ಟಂಬರದಲ್ಲಿ ಭಾರತ ಸರಕಾರವು ‘ಪಬ್‌ಜಿ ಮೊಬೈಲ್’ ಆಟವನ್ನು ತಡೆಯಿತು. ೨೦೨೧ರ ಜುಲೈಯಲ್ಲಿ ಅದೇ ಬಗೆಯ ಆಟವು ಬೇರೆ ಹೆಸರಿನಿಂದ ಬಂದು ಮನೆಮನೆಗೂ ಹೊಕ್ಕಿತು. ಹೀಗಿರಲಾಗಿ ಶಾಲೆಯೊಳಗೆ ಮೊಬೈಲಿನ ನಿಷೇಧವು ಮುಂದುವರಿಯುವದು. ಮನೆಯಲ್ಲಿ ಮಗಳು ಆಡುವದಾದರೆ ಗುರುತಿನ ಗೆಳತಿಯರ ಸಂಗಡ, ಗೊತ್ತಾದ ವೇಳೆಯಲ್ಲಿ ಆಡಲಿ. ಶನಿವಾರದ ಮೇಜನ್ನಾದರೋ ನಾವು ಬಿಡುವದಿಲ್ಲ. ವೆಚ್ಚದ ನೆವವೂ ಇಲ್ಲ. ಯಾಕಂದರೆ ಆ ಆಟದ ಮೂಲನಿಯಮಗಳನ್ನು ೨೦೨೩ರಲ್ಲಿ ಎಲ್ಲರೂ ಉಪಯೋಗಿಸಬಹುದಾದ ಮುಕ್ತ ಪರವಾನಿಗೆಯಲ್ಲಿ ಬಿಡಲಾಗಿದೆ. ನಮಗೆ ಬೇಕಾಗಿರುವದು ಕಥೆ ನಡಿಸಬಲ್ಲ ಹಿರಿಯರು. ಹಳೆಯ ವಿದ್ಯಾರ್ಥಿನಿಯರೇ, ತಿಂಗಳಿಗೆ ಒಂದು ಶನಿವಾರವನ್ನು ನಿಮ್ಮ ತಂಗಿಯಂದಿರಿಗಾಗಿ ಕೊಡಲಾರಿರಾ?

ಮುಖ್ಯೋಪಾಧ್ಯಾಯಿನಿ