ಸೈಕಲ್‌ನವರು ಬರ್ತಿದ್ದಾರೆ: ರಸ್ತೆ ಬದಿ ಜಮೀನು ಮಾರಬೇಡಿ, ಬಾಳೆಹಣ್ಣು ಮಾರಿ

ಚಳಿಗಾಲದ ಭಾನುವಾರಗಳಲ್ಲಿ ನಮ್ಮ ಕೊಳ್ಳೇಗಾಲ–ಯಳಂದೂರು ರಸ್ತೆಯನ್ನು ಸ್ವಲ್ಪ ಗಮನಿಸಿ. ಬಿಸಿಲು ಏರೋ ಮುಂಚೆ ತಲೆಗೆ ಹೆಲ್ಮೆಟ್, ಮೈಗಂಟಿದ ಬಣ್ಣದ ಜೆರ್ಸಿ ಹಾಕ್ಕೊಂಡು ನಾಲ್ಕೈದು ಜನ ಸಾಲಾಗಿ ಸೈಕಲ್ ತುಳೀತಾ ಹೋಗ್ತಾರೆ. ಬೆಂಗಳೂರಿನವರು, ಮೈಸೂರಿನವರು. ಕೆಲವರು ಯಳಂದೂರಿನ ಬಳೆ ಮಂಟಪದ ಮುಂದೆ ಫೋಟೋ ತೆಗೆದು ವಾಪಸ್ ಆಗ್ತಾರೆ. ಇನ್ನು ಕೆಲವರು ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟದ ತಿರುವು ಹತ್ತೋಕೆ ಹೋಗ್ತಾರೆ. ಅರಳಿಕಟ್ಟೆ ಮೇಲೆ ಕೂತವರದ್ದು ಒಂದೇ ಮಾತು: "ಲಕ್ಷ ರೂಪಾಯಿ ಸೈಕಲ್ಲಂತೆ ಕಣಣ್ಣ, ಕ್ಯಾರಿಯರ್ರೂ ಇಲ್ಲ, ಸ್ಟ್ಯಾಂಡೂ ಇಲ್ಲ!"

ನಗೋದು ತಪ್ಪಲ್ಲ. ಆದರೆ ನಕ್ಕು ಸುಮ್ಮನಾದರೆ ನಷ್ಟ ನಮಗೇ. ಇವತ್ತು ಸೈಕಲ್ ಬಂದ ರಸ್ತೆಗೆ ನಾಳೆ ಕಾರು ಬರುತ್ತೆ, ಕಾರಿನ ಹಿಂದೆ ದಲ್ಲಾಳಿ ಬರ್ತಾನೆ. ಅಷ್ಟರೊಳಗೆ ಆ ರಸ್ತೆಯಿಂದ ನಾಲ್ಕು ಕಾಸು ದುಡಿಯೋದನ್ನ ನಾವು ಕಲಿತಿದ್ದರೆ ಜಮೀನು ನಮ್ಮ ಕೈಲೇ ಉಳಿಯುತ್ತೆ. ಈ ವಾರ ನಾನು ಹೇಳಬೇಕಾದ್ದು ಇಷ್ಟೇ.

ನಂದಿ ಬೆಟ್ಟದ ಬುಡದಲ್ಲಿ ಆಗಿದ್ದು

ಕರ್ನಾಟಕದಲ್ಲಿ ಸೈಕಲ್ ಸವಾರರ ಹೆಸರಾಂತ ರಸ್ತೆ ಅಂದರೆ ನಂದಿ ಬೆಟ್ಟದ್ದು. ಎತ್ತರ 1,478 ಮೀಟರ್, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದಾರಿಯಲ್ಲಿ ಕೆರೆ ಏರಿ, ದ್ರಾಕ್ಷಿ ಚಪ್ಪರ, ಆಮೇಲೆ ಬೆಟ್ಟ. ದೊಡ್ಡಬಳ್ಳಾಪುರದ ಕಡೆ ವೈನ್ ದ್ರಾಕ್ಷಿ ತೋಟಗಳೂ ಇವೆ. ಆ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್‌ಗೆ ಅಂತಲೇ ಒಂದು ನೀತಿ ತಂದಿತ್ತು.

ಆದರೆ 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ಅದರ ಸುತ್ತ ಚಪ್ಪರ ಇದ್ದ ಎಷ್ಟೋ ಹೊಲಗಳಲ್ಲಿ ಈಗ ಲೇಔಟ್ ಕಲ್ಲು ನೆಟ್ಟಿದೆ. ಸೈಕಲ್ ಸವಾರರು ಈಗಲೂ ಬರ್ತಾರೆ, ಬೆಟ್ಟ ಹತ್ತುತಾರೆ, ಇಳೀತಾರೆ, ಹೋಟೆಲ್‌ನಲ್ಲಿ ಇಡ್ಲಿ ತಿಂದು ಹೋಗ್ತಾರೆ. ಅವರು ಮೆಚ್ಚಿ ಫೋಟೋ ತೆಗೆಯೋ ಹಸಿರು ಬೆಳೆದ ರೈತನ ಜೇಬಿಗೆ ಅದರಲ್ಲಿ ಎಷ್ಟು ಬಿತ್ತು? ನೋಟ ನಮ್ಮದು, ದುಡ್ಡು ಇನ್ನೊಬ್ಬರದು. ನಮ್ಮ ಮೂರು ತಾಲ್ಲೂಕಿನಲ್ಲಿ ಇದೇ ಕಥೆ ಮತ್ತೆ ನಡೆಯಬಾರದು.

ಹಾಗಾದ್ರೆ ನಾವೂ ದ್ರಾಕ್ಷಿ ಹಾಕೋಣ್ವಾ?

ಈ ಪ್ರಶ್ನೆಯನ್ನ ನನಗೆ ಹುಡುಗರು ಕೇಳ್ತಾನೇ ಇರ್ತಾರೆ. ನಾಸಿಕ್‌ನ ವೈನ್ ತೋಟಗಳ ವಿಡಿಯೋ ನೋಡಿರ್ತಾರೆ. ಅಲ್ಲಿ ಗಂಗಾಪುರ ಅಣೆಕಟ್ಟಿನ ಹಿನ್ನೀರು, ಆಚೆ ಬೆಟ್ಟ, ಈಚೆ ದ್ರಾಕ್ಷಿ ಸಾಲು. ನೋಡೋಕೆ ಚೆಂದ. ತೋಟಗಾರಿಕೆ ಓದಿದವನಾಗಿ ನನ್ನ ಉತ್ತರ: ನೋಟಕ್ಕೋಸ್ಕರ ಬೆಳೆ ಹಾಕಬೇಡಿ.

ಕಾರಣ ಮೂರು. ಒಂದು, ವೈನ್ ದ್ರಾಕ್ಷಿ ಸಣ್ಣ ಹಣ್ಣು, ಬೀಜ ಇರುತ್ತೆ, ಸಿಪ್ಪೆ ದಪ್ಪ. ವೈನರಿಯವರು ಬೇಡ ಅಂದರೆ ಅದನ್ನ ಸಂತೆಯಲ್ಲಿ ಯಾರೂ ಕೊಳ್ಳಲ್ಲ. ಬರವಣಿಗೆಯ ಒಪ್ಪಂದ ಇಲ್ಲದೆ ಒಂದು ಕಡ್ಡಿಯೂ ನೆಡಬಾರದು. ಎರಡು, ಕಲ್ಲು ಕಂಬ, ತಂತಿ, ಡ್ರಿಪ್ ಸೇರಿ ಎಕರೆಗೆ ಲಕ್ಷಗಟ್ಟಲೆ ಬಂಡವಾಳ ಮೊದಲೇ ಹಾಕಬೇಕು. ಮೂರು, ನಮ್ಮ ಹಿಂಗಾರು ಮಳೆ. ಅಕ್ಟೋಬರ್‌ನಲ್ಲಿ ಚಾಟನಿ ಮಾಡಿದ ಬಳ್ಳಿ ಎಳೆ ಚಿಗುರು ಬಿಡೋ ಹೊತ್ತಿಗೆ ಸರಿಯಾಗಿ ಹನೂರು ಭಾಗದಲ್ಲಿ ಮಳೆ ಹಿಡಿಯುತ್ತೆ. ಎಲೆ ಒದ್ದೆ ಇದ್ದಷ್ಟೂ ಡೌನಿ ಬೂಜು ರೋಗಕ್ಕೆ ಹಬ್ಬ. ಸಾವಯವದಲ್ಲಿ ಬೋರ್ಡೋ ದ್ರಾವಣ ಬಿಟ್ಟರೆ ಕೈಯಲ್ಲಿ ಹೆಚ್ಚು ಆಯುಧ ಇಲ್ಲ, ಅದಕ್ಕೂ ಮಿತಿ ಇದೆ.

ನಮ್ಮಲ್ಲಿ ದ್ರಾಕ್ಷಿ ಇಲ್ಲ ಅಂತ ಬೇಜಾರು ಯಾಕೆ? ಸುವರ್ಣಾವತಿ ಹೊಳೆ, ಕಬಿನಿ ನಾಲೆ, ಗುಂಡಾಲ್ ಜಲಾಶಯ, ಊರೂರಿಗೆ ಕೆರೆ ಇದೆ. ಗುಂಬಳ್ಳಿ ಕಡೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟ ಗೋಡೆ ಹಾಗೆ ನಿಂತಿದೆ. ಅದರ ಮುಂದೆ ಬಾಳೆ, ತೆಂಗು, ಅರಿಶಿನ, ಹಿಪ್ಪುನೇರಳೆ. ಕೊಳ್ಳೇಗಾಲದ ರೇಷ್ಮೆಗೆ ಇರೋ ಹೆಸರು ಸಣ್ಣದಲ್ಲ. ಹಿಪ್ಪುನೇರಳೆ ಸಾಲು ದ್ರಾಕ್ಷಿ ಸಾಲಿಗಿಂತ ಯಾವುದರಲ್ಲಿ ಕಡಿಮೆ?

ಸವಾರನಿಗೆ ಬೇಕಾದ್ದು ನಮ್ಮ ತೋಟದಲ್ಲೇ ಇದೆ

ಮೈಸೂರಿನಿಂದ ಕೊಳ್ಳೇಗಾಲ ಸುಮಾರು 60 ಕಿ.ಮೀ. ಇಲ್ಲಿಗೆ ಬರೋ ಹೊತ್ತಿಗೆ ಸವಾರನ ಬಾಟಲಿ ಖಾಲಿ, ಹೊಟ್ಟೆನೂ ಖಾಲಿ. ದೂರ ತುಳಿಯುವವರು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಬೇಕು ಅನ್ನೋದು ಕ್ರೀಡಾ ಆಹಾರದ ಸಾಮಾನ್ಯ ಸಲಹೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 22 ಗ್ರಾಂ ಇರುತ್ತೆ. ಅಂದರೆ ಗಂಟೆಗೆ ಮೂರರಿಂದ ಐದು ಏಲಕ್ಕಿ ಬಾಳೆ. ಜೇಬಲ್ಲಿ ಇಟ್ಟುಕೊಂಡು ಬಂದ ವಿದೇಶಿ ಜೆಲ್ ಪ್ಯಾಕೆಟ್ ಮಾಡೋ ಕೆಲಸವನ್ನೇ ನಮ್ಮ ಗೊನೆ ಮಾಡುತ್ತೆ.

ಎಳನೀರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಬೆವರಲ್ಲಿ ಹೆಚ್ಚು ಹೋಗೋದು ಸೋಡಿಯಂ. ಅದಕ್ಕೆ ಎಳನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ, ಬೇಯಿಸಿದ ಕಡಲೆಕಾಯಿ ಕೊಟ್ಟರೆ ಸರಿಹೋಗುತ್ತೆ. ರಾಗಿ ಅಂಬಲಿನೂ ನಡೆಯುತ್ತೆ. ಆದರೆ ತಿಂಡಿಗಿಂತ ಮುಂಚೆ ಅವರು ಹುಡುಕೋದು ಎರಡು: ನೆರಳು ಮತ್ತು ಶೌಚಾಲಯ. ಮುಖ್ಯವಾಗಿ ಹೆಣ್ಣುಮಕ್ಕಳು. ಚೊಕ್ಕಟವಾದ, ಒಳಗಿನಿಂದ ಚಿಲಕ ಬೀಳೋ, ನೀರಿರೋ ಶೌಚಾಲಯ ಇದ್ದ ತೋಟದ ಹತ್ತಿರ ಸವಾರರು ಹುಡುಕಿಕೊಂಡು ಬಂದು ನಿಲ್ತಾರೆ.

ಇನ್ನೊಂದು ಸಣ್ಣ ವಿಷಯ. ಈ ಸೈಕಲ್‌ಗಳ ಟ್ಯೂಬಿಗೆ ಪ್ರೆಸ್ಟಾ ಅನ್ನೋ ತೆಳ್ಳಗಿನ ವಾಲ್ವ್ ಇರುತ್ತೆ. ನಮ್ಮ ಪಂಪು ಅದಕ್ಕೆ ಕೂರಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ತರಿಸಿ ಪಂಪಿನ ಜೊತೆ ನೇತುಹಾಕಿ. ಗಾಳಿಗೆ ದುಡ್ಡು ಕೇಳಬೇಡಿ.

ಬ್ರೆವೆ ಅಂತ ದೂರದ ಸವಾರಿಗಳೂ ಇವೆ. 200 ಕಿ.ಮೀ. ಆದರೆ ಹದಿಮೂರೂವರೆ ಗಂಟೆ, 300 ಆದರೆ 20 ಗಂಟೆ, 600 ಆದರೆ 40 ಗಂಟೆಯೊಳಗೆ ಮುಗಿಸಬೇಕು. ಅಷ್ಟು ಹೊತ್ತು ತುಳಿಯೋರಿಗೆ ನಡುದಾರಿಯಲ್ಲಿ ನಂಬಿಕೆಯ ಒಂದು ನಿಲ್ದಾಣ ಗೊತ್ತಿದ್ದರೆ ದೊಡ್ಡ ಆಸರೆ.

ಇದು ನಮಗೆ ಹೊಸದೂ ಅಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋ ಪರಸೆಯವರಿಗೆ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಟ್ಟ ಸೀಮೆ ನಮ್ಮದು. ಆ ಪದ್ಧತಿಯನ್ನೇ ಮುಂದುವರಿಸಿ: ನೀರು, ನೆರಳು, ಗಾಳಿ ಪುಕ್ಕಟೆ; ಹಣ್ಣು, ಎಳನೀರು, ತಿಂಡಿಗೆ ಬೆಲೆ.

ಲೆಕ್ಕ ಹಾಕಿಯೇ ಇಳಿಯಿರಿ

ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಉದಾಹರಣೆಗೆ, ಭಾನುವಾರಕ್ಕೆ 20 ಜನ ನಿಂತರು, ತಲಾ 80 ರೂಪಾಯಿ ಕೊಟ್ಟರು ಅಂದುಕೊಳ್ಳಿ. ಒಂದು ದಿನಕ್ಕೆ 1,600, ತಿಂಗಳಿಗೆ 6,400. ನವೆಂಬರ್‌ನಿಂದ ಫೆಬ್ರವರಿ ತನಕ ನಾಲ್ಕು ತಿಂಗಳಿಗೆ 25,600. ಮಾರ್ಚ್ ಬಂದರೆ ಬಿಸಿಲು, ಜನ ಕಮ್ಮಿ. ಇದರಿಂದ ಸಂಸಾರ ನಡೆಯಲ್ಲ. ಆದರೆ ಮಾರಾಟ ಆಗಿದ್ದು ಮಂಡಿಗೆ ಹೋಗದ, ದಲ್ಲಾಳಿ ಕಮಿಷನ್ ಇಲ್ಲದ, ಬೆಲೆ ನಾವೇ ಹೇಳಿದ ಹಣ್ಣು. ಅದರಲ್ಲಿ ಹತ್ತು ಜನ ನಿಮ್ಮ ನಂಬರ್ ತಗೊಂಡು ತಿಂಗಳಿಗೊಮ್ಮೆ ಅರಿಶಿನ ಪುಡಿ, ಕೊಬ್ಬರಿ ಎಣ್ಣೆ ತರಿಸಿಕೊಂಡರೆ ಅದೇ ನಿಜವಾದ ಲಾಭ. ಸಾವಯವ ಬೆಳೆಗಾರನಿಗೆ ಗಿರಾಕಿ ಹುಡುಕೋದೇ ಕಷ್ಟ. ಇಲ್ಲಿ ಗಿರಾಕಿ ತಾನಾಗೇ ಹೊಲದ ಬದುವಿಗೆ ಬಂದು ನಿಂತಿರ್ತಾನೆ.

ತಿಂಡಿ ಮಾಡಿ ಮಾರೋದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ, ಫೋನಲ್ಲೇ ಅರ್ಜಿ ಹಾಕಬಹುದು. ಮನೆಯಲ್ಲಿ ಹಣ್ಣಿನ ವೈನ್ ಮಾಡಿ ಮಾರೋ ಯೋಚನೆ ಬೇಡವೇ ಬೇಡ, ಅದು ಅಬಕಾರಿ ಅಪರಾಧ.

ರೇಷ್ಮೆ ಹುಳು ತೋರಿಸಿ ಅಂತ ಕೇಳ್ತಾರೆ. ಹುಳು ಮನೆ ಒಳಗೆ ಯಾರನ್ನೂ ಬಿಡಬೇಡಿ. ಊರೂರು ತಿರುಗಿದ ಕಾಲಲ್ಲಿ ರೋಗ ಬರುತ್ತೆ, ಒಂದು ಬೆಳೆ ಹೋದರೆ ವರ್ಷದ ಬಾಳೆಹಣ್ಣಿನ ದುಡ್ಡೂ ಸಾಲದು. ಹಣ್ಣಾದ ಹುಳು ಬಿಟ್ಟ ಚಂದ್ರಿಕೆಯನ್ನ ಹೊರಗೆ ನೆರಳಲ್ಲಿ ಇಟ್ಟಾಗ ದೂರದಿಂದ ತೋರಿಸಿ, ಸಾಕು.

ನಮ್ಮ ಕಡೆಯಿಂದ ಆಗಬೇಕಾದ್ದು

ಇದನ್ನ ಹೇಳಿದರೆ ಕೆಲವರಿಗೆ ಕೋಪ ಬರುತ್ತೆ, ಆದರೂ ಹೇಳ್ತೀನಿ. ಹುರುಳಿ, ರಾಗಿಯನ್ನ ಟಾರ್ ರಸ್ತೆ ಮೇಲೆ ಹರಡಿ ಗಾಡಿ ಹತ್ತಿಸೋ ಒಕ್ಕಣೆ ನಿಲ್ಲಬೇಕು. ಹುರುಳಿ ಬಳ್ಳಿ ಸೈಕಲ್‌ನ ಚೈನು, ಗೇರಿಗೆ ಸುತ್ತಿಕೊಂಡರೆ ಸವಾರ ಮುಖ ಅಡಿಯಾಗಿ ಬೀಳ್ತಾನೆ. ಬೈಕಿನ ನಮ್ಮ ಹುಡುಗರೂ ಹೀಗೇ ಜಾರಿ ಬೀಳೋದು. ಆ ಕಾಳಿಗೂ ಕಲ್ಲು, ಟಾರು, ಎಣ್ಣೆ ಸೇರುತ್ತೆ. ಅದನ್ನ ಸಾವಯವ ಅಂತ ಯಾವ ಬಾಯಲ್ಲಿ ಮಾರೋದು? ಕಣ ಇಲ್ಲದವರ ಕಷ್ಟ ನನಗೆ ಗೊತ್ತು. ಅದಕ್ಕೆ ಊರಿಗೊಂದು ಕಣ ಬೇಕು ಅಂತ ಪಂಚಾಯಿತಿಯಲ್ಲಿ ಗಟ್ಟಿಯಾಗಿ ಕೇಳೋಣ.

ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ರಸ್ತೆ ಪಕ್ಕದ ಹೊಲಕ್ಕೆ ಭಾನುವಾರ ಬೆಳಿಗ್ಗೆ ಔಷಧಿ ಹೊಡೀಬೇಡಿ. ಪ್ಲಾಸ್ಟಿಕ್ ಲೋಟ ಬೇಡ. ಸ್ಟೀಲ್ ಲೋಟ, ಬಾಳೆಲೆ ಇರಲಿ.

ಕಾಡಿನ ವಿಚಾರದಲ್ಲಿ ಸಡಿಲ ಬೇಡ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಾದಪ್ಪನ ಬೆಟ್ಟದ ಕಾಡು 2013ರಿಂದ ವನ್ಯಧಾಮ. ಆನೆ ಎದುರಾದರೆ ಲಕ್ಷ ರೂಪಾಯಿ ಸೈಕಲ್ ಆದರೂ ಅಷ್ಟೇ, ಡಕೋಟಾ ಸೈಕಲ್ ಆದರೂ ಅಷ್ಟೇ. ಯಾರಾದರೂ ದಾರಿ ಕೇಳಿದರೆ ಗುಂಬಳ್ಳಿ ಚೆಕ್‌ಪೋಸ್ಟ್ ಈಚೆಗಿನ ಬಯಲು ರಸ್ತೆ, ಕೆರೆ ರಸ್ತೆ ತೋರಿಸಿ. ಲೊಕ್ಕನಹಳ್ಳಿ, ಒಡೆಯರಪಾಳ್ಯ ಕಡೆ ಹೋಗೋರಿಗೆ ಮಧ್ಯಾಹ್ನದೊಳಗೆ ವಾಪಸ್ ಬನ್ನಿ ಅನ್ನಿ. ಆ ಬೆಟ್ಟದ ಮೇಲೆ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅವರ ಜೇನು, ಅವರ ಕಥೆ ಅವರೇ ಮಾರಲಿ, ನಾವು ನಡುವೆ ನುಗ್ಗೋದು ಬೇಡ.

ದಲ್ಲಾಳಿ ಬಂದಾಗ

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ 79ಎ, 79ಬಿ ಕಲಂ ತೆಗೆದುಹಾಕಿದರು. ಈಗ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ರಸ್ತೆ ಬದಿ, ಬೆಟ್ಟ ಕಾಣೋ, ಕೆರೆ ಹತ್ತಿರದ ಜಮೀನು ಕೇಳಿಕೊಂಡು ನನ್ನ ತೋಟಕ್ಕೂ ಬಂದಿದ್ದಾರೆ. "ವ್ಯೂ ಚೆನ್ನಾಗಿದೆ ಸಾರ್, ಒಳಗಿನ ಜಮೀನು ಇಟ್ಕೊಳ್ಳಿ, ಮುಂದಿನ ಅರ್ಧ ಎಕರೆ ಕೊಡಿ" ಅಂತಾರೆ. ಮುಂದಿನ ಅರ್ಧ ಎಕರೆ ಕೊಟ್ಟರೆ ಹಿಂದಿನ ಮೂರು ಎಕರೆಗೆ ದಾರಿ ಎಲ್ಲಿ? ಎರಡು ವರ್ಷಕ್ಕೆ ಅದನ್ನೂ ಕೊಟ್ಟು, ಅಲ್ಲಿ ಎದ್ದ ರೆಸಾರ್ಟ್‌ನಲ್ಲೇ ಸೆಕ್ಯೂರಿಟಿ ಕೆಲಸ ಕೇಳಬೇಕು.

ಮದುವೆ, ಆಸ್ಪತ್ರೆ, ಸಾಲ ಅಂತ ಮಾರಲೇಬೇಕಾದ ಮನೆಗಳಿವೆ, ಅವರನ್ನ ನಾನು ದೂರಲ್ಲ. ಆದರೆ "ಈ ಜಮೀನಿಂದ ಏನೂ ಹುಟ್ಟಲ್ಲ" ಅನ್ನೋ ಬೇಸರಕ್ಕೆ ಮಾರೋರಿಗೆ ಒಂದು ಮಾತು: ಆ ವ್ಯೂಗೆ ಅವನು ಕೋಟಿ ಕೊಡೋಕೆ ತಯಾರಿದ್ದಾನೆ ಅಂದರೆ, ಅದರಿಂದ ಸಾವಿರವಾದರೂ ನೀವೇ ಮೊದಲು ದುಡಿದು ನೋಡಿ.

ಈ ವಾರವೇ ಮಾಡಿ

ಫೋನ್ ಕೈಯಲ್ಲೇ ಇದೆಯಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ತೋಟದ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ. ನೆರಳು, ನೀರು, ಶೌಚಾಲಯ, ಹಣ್ಣು ಇದೆ ಅಂತ ಬರೆದು ನಿಜವಾದ ಫೋಟೋ ಹಾಕಿ. ಭಾನುವಾರ ಎಷ್ಟರಿಂದ ಎಷ್ಟು ಗಂಟೆ ತನಕ ಇರ್ತೀರಿ ಅಂತ ಸಮಯ ಕೊಡಿ, ಕೊಟ್ಟ ಮೇಲೆ ಇರಿ. ಯುಪಿಐ ಕ್ಯೂಆರ್ ಕೋಡ್ ಮಳೆಗೆ ನೆನೆಯದ ಹಾಗೆ ಲ್ಯಾಮಿನೇಟ್ ಮಾಡಿಸಿ. ಒಬ್ಬರೇ ಮಾಡೋ ಬದಲು ಒಂದೇ ರಸ್ತೆಯ ನಾಲ್ಕು ತೋಟದವರು ಸೇರಿ: ಒಬ್ಬರಲ್ಲಿ ಎಳನೀರು, ಒಬ್ಬರಲ್ಲಿ ಹಣ್ಣು, ಒಬ್ಬರಲ್ಲಿ ತಿಂಡಿ, ಒಬ್ಬರಲ್ಲಿ ಪಂಪು. ಬೆಲೆ ಎಲ್ಲರದ್ದೂ ಒಂದೇ ಇರಲಿ, ಬೋರ್ಡಿನ ಮೇಲೆ ಬರೆದಿರಲಿ. ಪಟ್ಟಣದವರು ಅಂತ ಒಂದಕ್ಕೆರಡು ಹೇಳಿದರೆ ಮುಂದಿನ ವಾರ ಒಬ್ಬರೂ ನಿಲ್ಲಲ್ಲ.

ಮೊದಲ ಎರಡು ಭಾನುವಾರ ಯಾರೂ ಬರದೆ ಇರಬಹುದು. ಅದಕ್ಕೆ ಒಂದೇ ಗೊನೆ ಹಣ್ಣು ಮಾಡಿ ಇಡಿ. ಉಳಿದರೆ ಮನೆ ಮಕ್ಕಳು ತಿಂತಾರೆ.