ಕೊಟ್ಟು ಬಂದೆವು, ಆಮೇಲೆ ಕೇಳಲಿಲ್ಲ

ಜನವರಿ ಬಂತೆಂದರೆ ನಮ್ಮ ಮನೆಯಲ್ಲಿ ಬ್ಯಾಗು ಬಿಚ್ಚುವ ಮಾತೇ ಇಲ್ಲ. 2025ರಲ್ಲಂತೂ 13ಕ್ಕೆ ಬನದ ಹುಣ್ಣಿಮೆ, 14ಕ್ಕೆ ಸಂಕ್ರಾಂತಿ, 15ಕ್ಕೆ ಕೊಪ್ಪಳದ ಗವಿಸಿದ್ಧೇಶ್ವರನ ತೇರು, ಒಂದರ ಬೆನ್ನಿಗೊಂದು ಬಂದವು. ಮೊದಲ ದಿನ ಬಾದಾಮಿಯ ಬನಶಂಕರಿ, ಮರುದಿನ ಹೊಳೆ ದಂಡೆಯಲ್ಲಿ ಬುತ್ತಿ ಊಟ, ಮೂರನೇ ದಿನ ತೇರಿಗೆ ಉತ್ತತ್ತಿ ಎಸೆಯುವ ಜನಸಾಗರದ ನಡುವೆ ನಾವು. ಅದು ಮುಗಿಯುವಷ್ಟರಲ್ಲಿ ಮಾವನ ಮಗಳ ಮದುವೆ, ಆಮೇಲೆ ಗೆಳೆಯನ ಮನೆಯ ಗೃಹಪ್ರವೇಶ, ಅದಾದ ಮೇಲೆ ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಇಳಿಯುವುದು, ಭಾನುವಾರ ರಾತ್ರಿ ಮತ್ತೆ ಹತ್ತುವುದು. ಎರಡು ತಿಂಗಳು ಇದೇ ಕತೆ. ನಮ್ಮಂಥ ಕುಟುಂಬಗಳು ಊರಿಗೆ ಹತ್ತಾರಿವೆ.

ಬಂದವರು ಬರಿಗೈಲಿ ಹೋಗುವುದಿಲ್ಲ. ದೇವಸ್ಥಾನದವರು ಪಟ್ಟಿ ಹಿಡಿದು ಬರುತ್ತಾರೆ, ಕೊಡುತ್ತೇವೆ. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವೆ. ಶಾಲೆಗೆ ಏನಾದರೂ ಮಾಡೋಣ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಹಾಕುತ್ತಾರೆ, ಅದಕ್ಕೂ ಕಳಿಸುತ್ತೇವೆ. ಹೀಗೆ ಕೊಡುವುದು ತಪ್ಪು ಎಂದು ಯಾರೂ ಹೇಳಲಾರರು. ಆದರೆ ಕೊಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ನಾವು ಕೇಳುವುದಿಲ್ಲ. ಈ ಮಾತನ್ನು ಬೇರೆಯವರಿಗೆ ಹೇಳುವ ಮೊದಲು ನಮ್ಮದೇ ತಪ್ಪನ್ನು ಹೇಳಿಕೊಳ್ಳಬೇಕು.

ಮೂರು ವರ್ಷದ ಹಿಂದೆ ನಮ್ಮ ಬ್ಯಾಚಿನವರು ಸೇರಿ ಗುರುವಂದನೆ ಮಾಡಿದೆವು. ಶಾಮಿಯಾನ, ಶಾಲು, ಫಲಕ, ಊಟ ಎಲ್ಲ ಭರ್ಜರಿಯಾಗಿಯೇ ಆಯಿತು. ಉಳಿದ ಹಣದಲ್ಲಿ ಊರಿನ ಸರ್ಕಾರಿ ಶಾಲೆಗೆ ಒಂದು ಆರ್‌ಒ ಫಿಲ್ಟರ್ ಕೊಡಿಸಿದೆವು. ಅದು ಒಳ್ಳೆಯ ಯೋಚನೆಯೇ. ಕೊಪ್ಪಳ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಬೆಳೆಯುವ ಮಕ್ಕಳು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಲೆ ಕಾಣುತ್ತದೆ. ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆ, ಕೀಲಿಗೂ ಬರುತ್ತದೆ. ಕಾಯಿಸಿ ಕುಡಿದರೆ ಹೋಗುವಂಥದ್ದಲ್ಲ ಇದು. ಫಿಲ್ಟರಿನ ಪಕ್ಕದ ಗೋಡೆಗೆ ನಮ್ಮೆಲ್ಲರ ಹೆಸರು ಕೆತ್ತಿಸಿದ ಗ್ರಾನೈಟ್ ಕಲ್ಲು ಕೂಡಿಸಿ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದೆವು.

ಕಳೆದ ಸಲ ಜಾತ್ರೆಗೆ ಹೋದಾಗ ಎರಡನೇ ತರಗತಿಯಲ್ಲಿ ಓದುವ ಅಣ್ಣನ ಮಗಳು ಬಾಟಲಿಗೆ ನೀರು ತುಂಬಿಕೊಳ್ಳುತ್ತಿದ್ದಳು. 'ಸಾಲ್ಯಾಗ ಫಿಲ್ಟರ್ ಐತೆಲ್ಲವಾ?' ಎಂದು ಕೇಳಿದೆವು. 'ಅದು ಕೆಟ್ಟು ಭಾಳ ದಿನ ಆತು ಕಾಕಾ, ನಾವು ಬೋರಿನ ನಳಾನೇ ಕುಡೀತೀವಿ' ಎಂದಳು. ಹೋಗಿ ನೋಡಿದರೆ ಫಿಲ್ಟರಿನ ಮೇಲೆ ಧೂಳು, ವೈರು ಸುತ್ತಿಟ್ಟಿದ್ದರು. ಕಲ್ಲು ಮಾತ್ರ ಫಳಫಳ ಹೊಳೆಯುತ್ತಿತ್ತು.

ಹೆಡ್‌ಮಾಸ್ತರರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ವರ್ಷದಾಗ ಮೆಂಬ್ರೇನ್ ಹೋತ್ರಿ. ಬರೋ ಅನುದಾನ ಸೀಮೆಸುಣ್ಣ, ಕರೆಂಟು, ರಿಪೇರಿ ಅಂತ ಮುಗದ ಹೋಗತೈತಿ. ನಿಮ್ಮ ಗ್ರೂಪಿನಾಗೂ ಹಾಕಿದ್ದೆ. ಎಲ್ಲಾರೂ ಕೈ ಮುಗಿದಿದ್ರಿ' ಎಂದರು. ಫೋನು ತೆಗೆದು ಹುಡುಕಿದೆವು. ನಿಜ. ಅವರ ಮೆಸೇಜಿನ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅದರಲ್ಲಿ ನಮ್ಮದೂ ಒಂದು.

ಮನೆಗೆ ಬಂದಾಗ ಅವ್ವ ಜಾತ್ರೆಗೆ ಕಟ್ಟಿದ ರೊಟ್ಟಿಯ ಗಂಟಿನ ಮಾತಾಡುತ್ತಿದ್ದಳು. ಗವಿಮಠದ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಹೋಗುತ್ತವೆ. ವಾರಗಳ ಮೊದಲೇ ಓಣಿಯ ಹೆಂಗಸರು ಕೂಡಿ ಬಡಿಯುತ್ತಾರೆ. ಕಟಕ ರೊಟ್ಟಿಯೇ ಯಾಕೆಂದರೆ ಅದು ಕೆಡುವುದಿಲ್ಲ, ಜಾತ್ರೆ ಮುಗಿಯುವವರೆಗೂ ಬಾಳುತ್ತದೆ. ಒಬ್ಬರ ಮನೆಯಿಂದ ಐವತ್ತು, ಇನ್ನೊಬ್ಬರ ಮನೆಯಿಂದ ನೂರು. ಎಲ್ಲ ಒಂದೇ ಟ್ರ್ಯಾಕ್ಟರಿಗೆ ಬೀಳುತ್ತವೆ. ಯಾವ ರೊಟ್ಟಿ ಯಾರ ಮನೆಯದು ಎಂದು ಉಣ್ಣುವವರಿಗೆ ಗೊತ್ತಾಗುವುದಿಲ್ಲ. ಆ ಕಡೆ ಅದನ್ನು ಇಳಿಸಿಕೊಳ್ಳುವವರು, ಒಟ್ಟುವವರು, ಬಡಿಸುವವರು ಇರುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಓಣಿ, ಅದೇ ಕೆಲಸ.

ನಮ್ಮ ಫಿಲ್ಟರಿಗೂ ಅವ್ವನ ರೊಟ್ಟಿಗೂ ಇರುವ ವ್ಯತ್ಯಾಸ ಅಲ್ಲೇ ತಿಳಿಯಿತು. ಅವಳದು ಸಣ್ಣದು, ಆದರೆ ಪ್ರತಿ ವರ್ಷದ್ದು. ಏನು ಬೇಕು ಎಂಬುದನ್ನು ಬಡಿಸುವವರು ಮೊದಲೇ ಹೇಳಿರುತ್ತಾರೆ. ನಮ್ಮದು ದೊಡ್ಡದು, ಆದರೆ ಒಂದೇ ಸಲದ್ದು. ಶಾಲೆಯವರನ್ನು ಒಂದು ಮಾತೂ ಕೇಳದೆ ತಂದು ಕೂಡಿಸಿದ್ದು. ಮಷಿನ್ ಕೊಟ್ಟೆವು, ಅದರ ಖರ್ಚನ್ನು ಶಾಲೆಯ ತಲೆಗೆ ಕಟ್ಟಿದೆವು.

ಕಲ್ಲಿನ ಮೇಲೆ ಹೆಸರು ಹಾಕಿಸುವುದೇ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಒಬ್ಬರ ಹೆಸರು ನೋಡಿ ಇನ್ನೊಬ್ಬರಿಗೆ ಕೊಡುವ ಮನಸ್ಸಾಗುವುದುಂಟು. ಊರಿನ ಎಷ್ಟೋ ಶಾಲಾ ಕೋಣೆಗಳು ಹಾಗೆ ಎದ್ದಿವೆ. ದುಡಿಯಲು ಊರು ಬಿಟ್ಟವರು ವರ್ಷಕ್ಕೊಮ್ಮೆ ಬಂದು ಇಷ್ಟು ಮಾಡುವುದೇ ಹೆಚ್ಚು ಎಂಬ ಮಾತಿನಲ್ಲೂ ನ್ಯಾಯವಿದೆ. ಆದರೆ ಮಗು ಕುಡಿಯುವ ನೀರಿನ ವಿಷಯದಲ್ಲಿ ಅಷ್ಟಕ್ಕೇ ಸಮಾಧಾನಪಡಲು ಬರುವುದಿಲ್ಲ. ಕುಡಿಯುವ ನೀರು ಸರ್ಕಾರದ ಹೊಣೆ, ಅದನ್ನು ಕೇಳುವುದನ್ನೂ ಬಿಡಬಾರದು. ಕೇಳುತ್ತಿರುವಾಗಲೂ ಮಕ್ಕಳಿಗೆ ಬಾಯಾರಿಕೆ ಆಗುತ್ತದೆ.

ಹಾಗಾಗಿ ನಮ್ಮ ಗ್ರೂಪಿನಲ್ಲಿ ಜಗಳವಾಡಿ ಕೆಲವು ಒಪ್ಪಂದ ಮಾಡಿಕೊಂಡಿದ್ದೇವೆ. ಏನೇ ಕೊಡುವ ಮೊದಲು ಹೆಡ್‌ಮಾಸ್ತರರು, ಎಸ್‌ಡಿಎಂಸಿ ಸದಸ್ಯರು ಮತ್ತು ಬಿಸಿಯೂಟದ ಅಡುಗೆಯವರನ್ನು ಕೇಳಬೇಕು. ಮಷಿನ್ ಕೊಟ್ಟರೆ ಅದರ ಐದು ವರ್ಷದ ಸರ್ವಿಸ್ ಖರ್ಚನ್ನೂ ತೆಗೆದಿಡಬೇಕು. ಶಾಲು, ಫಲಕದ ಖರ್ಚು ಅರ್ಧಕ್ಕೆ ಇಳಿಯಬೇಕು. ಊರಲ್ಲೇ ಇರುವ ಒಬ್ಬರು ತಿಂಗಳಿಗೊಮ್ಮೆ ಹೋಗಿ ನೋಡಬೇಕು, ಅವರು ಫೋನು ಮಾಡಿದರೆ ನಾವು ಎತ್ತಬೇಕು. ಕೊನೆಯದನ್ನು ಪಾಲಿಸುವುದೇ ಕಷ್ಟ ಎಂದು ಈಗಾಗಲೇ ಗೊತ್ತಾಗಿದೆ.

ನೀವೂ ಈ ಸಲ ಊರಿನ ಬಸ್ಸಿಗೆ ಸೀಟು ಕಾಯ್ದಿರಿಸುವಾಗ ಶಾಲೆಗೂ ಒಂದು ಫೋನು ಮಾಡಿ. ಏನು ಕೊಡಲಿ ಎಂದು ಕೇಳಬೇಡಿ. ಹೋದ ವರ್ಷ ಕೊಟ್ಟದ್ದು ನಡೆಯುತ್ತಿದೆಯಾ ಎಂದು ಕೇಳಿ.

ನಮ್ಮ ಫಿಲ್ಟರಿಗೆ ಹೊಸ ಮೆಂಬ್ರೇನ್ ಬಂತು. ಹೆಸರಿನ ಕಲ್ಲಿನ ಮೇಲೆ ಹೆಡ್‌ಮಾಸ್ತರರು ಒಂದು ಬಿಳಿ ಹಾಳೆ ಅಂಟಿಸಿ, ಅದನ್ನು ಹಾಕಿದ ತಾರೀಖು, ಮುಂದೆ ಬದಲಿಸಬೇಕಾದ ತಾರೀಖು ಎರಡನ್ನೂ ಬರೆದಿದ್ದಾರೆ. ಅರ್ಧ ಹೆಸರುಗಳು ಮುಚ್ಚಿಹೋಗಿವೆ. ಹಾಳೆ ಕೀಳಿ ಎಂದು ಇದುವರೆಗೆ ಯಾರೂ ಹೇಳಿಲ್ಲ.