ಗ್ರಾಫಿನ ಗೆರೆ ಎಲ್ಲಿಂದ ಶುರುವಾಯಿತು?

ಡಾಲರ್ ಎದುರು ರೂಪಾಯಿ ಎಷ್ಟು ಕುಸಿದಿದೆ ಎಂದು ತಿಳಿಯಲು ಈಗ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ‘ಫ್ರೆಡ್’ ಜಾಲತಾಣದಲ್ಲಿ 1973ರಿಂದೀಚಿನ ದಿನವಾರು ವಿನಿಮಯ ದರ ಉಚಿತವಾಗಿ ಸಿಗುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಎಂದು ತುಂಬಿದರೆ ಸಾಕು, ಗೆರೆ ಮೂಡುತ್ತದೆ. ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬುದು ಅಲ್ಲಿನ ಲೆಕ್ಕ, ಹಾಗಾಗಿ ಗೆರೆ ಮೇಲೇರಿದರೆ ರೂಪಾಯಿ ಇಳಿದಿದೆ ಎಂದರ್ಥ. ಈಗ 2013ರ ಆಗಸ್ಟ್ ಕೊನೆಯಿಂದ 2017ರ ಜನವರಿವರೆಗೆ ಗ್ರಾಫ್ ಬರೆಯಿರಿ. ಡಾಲರ್ ಬೆಲೆ ಎರಡೂ ತುದಿಯಲ್ಲಿ 68 ರೂಪಾಯಿ ಆಸುಪಾಸು. ಮೂರೂವರೆ ವರ್ಷದಲ್ಲಿ ರೂಪಾಯಿ ಕಳೆದುಕೊಂಡಿದ್ದು ಏನೂ ಇಲ್ಲ ಎನ್ನಬಹುದು. ಆರಂಭವನ್ನು 2014ರ ಮೇ ತಿಂಗಳಿಗೆ ಸರಿಸಿ. ಅಲ್ಲಿ ಡಾಲರಿಗೆ ಸುಮಾರು 59 ರೂಪಾಯಿ. ಅದೇ 2017ರ ಜನವರಿಗೆ ಬರುವಷ್ಟರಲ್ಲಿ ಡಾಲರ್ ಶೇ 15ರಷ್ಟು ದುಬಾರಿಯಾಗಿದೆ. ಎರಡೂ ಗ್ರಾಫ್‌ಗಳ ಅಂಕಿಅಂಶ ಒಂದೇ, ಎರಡರಲ್ಲೂ ಸುಳ್ಳಿಲ್ಲ. ಆಡಳಿತ ಪಕ್ಷದ ವಕ್ತಾರರು ಮೊದಲನೆಯದನ್ನೂ ವಿರೋಧ ಪಕ್ಷದವರು ಎರಡನೆಯದನ್ನೂ ಹಿಡಿದು ಟಿ.ವಿ. ಚರ್ಚೆಗೆ ಬಂದರೆ ಯಾರನ್ನು ತಪ್ಪೆನ್ನುವುದು? ಮೊದಲನೆಯದು ರೂಪಾಯಿ ಪಾತಾಳ ಕಂಡ ದಿನದಿಂದ ಹೊರಟಿದೆ. ಎರಡನೆಯದು ಚುನಾವಣೆಯ ಹುರುಪಿನಲ್ಲಿ ಅದು ಚೇತರಿಸಿಕೊಂಡಿದ್ದ ತಿಂಗಳಿನಿಂದ. ಈ ಆಯ್ಕೆಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವುದನ್ನು ರೂಢಿ ಮಾಡಬೇಕು, ಪತ್ರಿಕೆಗಳೇ ಮೊದಲು ಮಾಡಬೇಕು ಎಂಬುದು ನನ್ನ ವಾದ.

ರಾಜಕಾರಣ ಬಿಟ್ಟು ವಿಜ್ಞಾನಕ್ಕೆ ಬಂದರೂ ಕಥೆ ಬೇರೆಯಲ್ಲ. ಭೂಮಿ ಬಿಸಿಯಾಗುವುದು ನಿಂತೇಹೋಗಿದೆ ಎಂಬ ವಾದ ಈ ಶತಮಾನದ ಮೊದಲೆರಡು ದಶಕಗಳಲ್ಲಿ ಜೋರಾಗಿ ಓಡಾಡಿತು. ಅದಕ್ಕೆ ಪುರಾವೆಯಾಗಿ ತೋರಿಸುತ್ತಿದ್ದ ಗ್ರಾಫ್‌ಗಳು ಸಾಮಾನ್ಯವಾಗಿ 1998ರಿಂದ ಹೊರಡುತ್ತಿದ್ದವು. ಆ ವರ್ಷವೇ ಏಕೆ? ಪ್ರಬಲ ಎಲ್ ನಿನೊದಿಂದಾಗಿ ಜಗತ್ತಿನ ಸರಾಸರಿ ತಾಪಮಾನ ಆಗ ಎತ್ತರಕ್ಕೆ ನೆಗೆದಿತ್ತು. ನೆಗೆತದ ತುದಿಯಿಂದ ಗೆರೆ ಎಳೆದರೆ ಮುಂದಿನದೆಲ್ಲ ಸಮತಟ್ಟಾಗಿ ಕಾಣದೆ ಇನ್ನೇನು? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2013ರ ವರದಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ಒಂದು ಅಡಿಟಿಪ್ಪಣಿಯಲ್ಲಿದೆ. ಇಡೀ ವರದಿಯಲ್ಲಿ ನನಗೆ ತುಂಬ ಹಿಡಿಸಿದ ಭಾಗವೂ ಅದೇ. 1998ರಿಂದ 15 ವರ್ಷಗಳ ಅವಧಿ ಹಿಡಿದರೆ ತಾಪಮಾನ ದಶಕಕ್ಕೆ 0.05 ಡಿಗ್ರಿ ಸೆಲ್ಸಿಯಸ್‌ನಂತೆ ಏರಿದೆ. 15 ವರ್ಷದ ಅದೇ ಅವಧಿಯನ್ನು 1997ರಿಂದ ಎಣಿಸಿದರೆ ಏರಿಕೆ 0.07, 1996ರಿಂದಾದರೆ 0.14, 1995ರಿಂದಾದರೆ 0.13. ಎರಡೇ ವರ್ಷ ಹಿಂದಕ್ಕೆ ಸರಿದರೆ ಏರಿಕೆಯ ವೇಗ ಹೆಚ್ಚುಕಡಿಮೆ ಮೂರು ಪಟ್ಟು! 1951ರಿಂದ 2012ರವರೆಗಿನ ದೀರ್ಘಾವಧಿಯ ದರವಾದರೋ 0.12. ಹದಿನೈದು ವರ್ಷದ ತುಣುಕಿನಿಂದ ಹವಾಮಾನದ ಬಗ್ಗೆ ತೀರ್ಪು ಕೊಡುವುದು ಎಷ್ಟು ಅಪಾಯದ್ದು ಎಂದು ಈ ನಾಲ್ಕೈದು ಸಂಖ್ಯೆಗಳು ಯಾವ ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತವೆ. ಯಾವುದೇ ಗ್ರಾಫನ್ನು ಪರೀಕ್ಷಿಸುವ ದಾರಿಯೂ ಇದರಲ್ಲೇ ಇದೆ: ಆರಂಭದ ವರ್ಷವನ್ನು ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಸರಿಸಿ ನೋಡುವುದು. ಅಷ್ಟಕ್ಕೇ ಬಿದ್ದುಹೋಗುವ ವಾದವನ್ನು ಅಚ್ಚು ಹಾಕಬಾರದು.

ಆಯ್ಕೆ ಇರುವುದು ಆರಂಭದ ದಿನದಲ್ಲಿ ಮಾತ್ರವಲ್ಲ. 2024ರಲ್ಲಿ ಜಗತ್ತು ಎಷ್ಟು ಬಿಸಿಯಾಗಿತ್ತು ಎಂದರೆ ನಾಸಾ 1.28 ಡಿಗ್ರಿ ಹೆಚ್ಚು ಎನ್ನುತ್ತದೆ, ವಿಶ್ವ ಹವಾಮಾನ ಸಂಸ್ಥೆ 1.55 ಡಿಗ್ರಿ ಎನ್ನುತ್ತದೆ. ಜಗಳವೇನೂ ಇಲ್ಲ. ನಾಸಾ ಹೋಲಿಸುವುದು 1951ರಿಂದ 1980ರ ಸರಾಸರಿಗೆ, ಇನ್ನೊಂದು ಸಂಸ್ಥೆ ಹೋಲಿಸುವುದು 1850ರಿಂದ 1900ರ ಸರಾಸರಿಗೆ. ಆಧಾರ ಅವಧಿಯನ್ನು ಬಿಟ್ಟು ಬರೀ ಸಂಖ್ಯೆಯನ್ನು ತಲೆಬರಹಕ್ಕೆ ಏರಿಸಿದಾಗಲೇ ಓದುಗರಿಗೆ ಗೊಂದಲ. ಇನ್ನು ಒಂದೇ ಗ್ರಾಫಿನ ಎಡಕ್ಕೊಂದು, ಬಲಕ್ಕೊಂದು ಅಳತೆ ಇಟ್ಟು ಎರಡು ಗೆರೆ ಎಳೆಯುವ ಸೌಲಭ್ಯವಿದೆಯಲ್ಲ, ಅದಂತೂ ಯಾವುದಕ್ಕೂ ಯಾವುದಕ್ಕೂ ನಂಟು ಹಾಕಿಬಿಡುತ್ತದೆ. ಎರಡೂ ಅಳತೆಗಳನ್ನು ಹಿಗ್ಗಿಸಿ ಕುಗ್ಗಿಸಿದರೆ ಏರುವ ಯಾವ ಎರಡು ಗೆರೆಗಳೂ ಅಂಟಿಕೊಂಡೇ ಸಾಗುತ್ತವೆ. ಈ ಸೌಲಭ್ಯವನ್ನು ಪತ್ರಿಕೆಗಳು ಮುಟ್ಟದಿದ್ದರೇ ಒಳ್ಳೆಯದು.

ಹಾಗಾದರೆ ಗ್ರಾಫ್ ಬರೆಯುವ ಕೆಲಸವನ್ನು ತಜ್ಞರಿಗೇ ಬಿಡೋಣ, ಸಿಕ್ಕಸಿಕ್ಕವರ ಕೈಗೆ ಇಂಥ ಸಲಕರಣೆ ಕೊಟ್ಟಿದ್ದೇ ತಪ್ಪು ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ತಜ್ಞರ ಗ್ರಾಫಿಗೂ ಒಂದು ಆರಂಭದ ವರ್ಷ ಇದ್ದೇ ಇರುತ್ತದೆ. ಜಾಲತಾಣ ತಾನಾಗಿ ತೋರಿಸುವ ಮೊದಲ ಗ್ರಾಫಿನ ಹಿಂದೆಯೂ ಯಾರೋ ಮಾಡಿದ ಆಯ್ಕೆಯಿದೆ. ಹಿಂದೆ ಅದನ್ನು ಪ್ರಶ್ನಿಸಲು ದತ್ತಾಂಶವೇ ಕೈಗೆ ಸಿಗುತ್ತಿರಲಿಲ್ಲ, ಇಲಾಖೆ ಅಚ್ಚು ಹಾಕಿಸಿದ್ದೇ ವೇದವಾಕ್ಯ. ಈಗ ತಿಥಿ ನಕ್ಷತ್ರ ನೋಡಿ ಆರಂಭದ ದಿನ ಆರಿಸಿದವನ ಜಾಣತನವನ್ನು ಕಾಲೇಜು ವಿದ್ಯಾರ್ಥಿನಿಯೂ ಎರಡು ನಿಮಿಷದಲ್ಲಿ ಬಯಲಿಗೆಳೆಯಬಲ್ಲಳು. ಅದಕ್ಕೆ ಅವಳಿಗೆ ಬೇಕಾದದ್ದು ಮೂಲದ ಕೊಂಡಿ. ಫ್ರೆಡ್‌ನಂಥ ತಾಣದಲ್ಲಿ ನಾವು ಆರಿಸಿದ ಅವಧಿ, ಅಳತೆ, ಲೆಕ್ಕದ ಬಗೆ ಎಲ್ಲವೂ ಉಳಿದುಕೊಳ್ಳುವ ಕೊಂಡಿಯನ್ನು ಹಂಚಿಕೊಳ್ಳುವ ಸೌಲಭ್ಯವೂ ಇದೆ. ಗ್ರಾಫಿನ ಚಿತ್ರ ಮಾತ್ರ ಹಂಚಿ ಕೊಂಡಿಯನ್ನು ಬಚ್ಚಿಡುವವರ ಬಗ್ಗೆ ಅನುಮಾನ ಪಡುವುದು ಅತಿಯಾಗಲಾರದು.

ಪತ್ರಿಕೆಯಲ್ಲಿ ಜಾಗವೆಲ್ಲಿದೆ, ಓದುಗರಿಗೆ ಇಷ್ಟೆಲ್ಲ ತಾಳ್ಮೆಯೆಲ್ಲಿದೆ ಎಂಬ ಆಕ್ಷೇಪ ಸಂಪಾದಕರ ಕಡೆಯಿಂದ ಬರುತ್ತದೆ. ಗ್ರಾಫಿನ ಕೆಳಗೆ ‘ಈ ದಿನದಿಂದ ಶುರು, ಕಾರಣ ಇದು, ಹೋಲಿಕೆ ಇದಕ್ಕೆ’ ಎಂದು ಬರೆಯಲು ಒಂದು ಸಾಲು ಸಾಕು, ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಹಿಡಿಸುತ್ತದೆ. ಓದುಗರ ತಾಳ್ಮೆಯ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಮಂಡ್ಯ, ಮೈಸೂರು ಕಡೆಯ ಓದುಗರು ಕೆಆರ್‌ಎಸ್‌ನ ಇಂದಿನ ಮಟ್ಟ, ಒಳಹರಿವು, ಹೊರಹರಿವನ್ನು ಪತ್ರಿಕೆಯ ಜಲಾಶಯ ಮಟ್ಟದ ಅಂಕಣದಲ್ಲಿ ದಿನ ತಪ್ಪದೆ ನೋಡುತ್ತಾರೆ. 124.80 ಅಡಿಯ ಗರಿಷ್ಠ ಮಟ್ಟ ಅವರಿಗೆ ಬಾಯಿಪಾಠ. ಆದರೆ ಆ ಅಂಕಣ ಹೋಲಿಕೆಗೆ ಕೊಡುವುದು ಹೆಚ್ಚಾಗಿ ‘ಕಳೆದ ವರ್ಷ ಇದೇ ದಿನ’ದ ಮಟ್ಟವನ್ನು ಮಾತ್ರ. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬಲೇ ಇಲ್ಲ, 2024ರ ಜುಲೈನಲ್ಲಿ ತುಂಬಿತು. ಬರದ ವರ್ಷವನ್ನು ಪಕ್ಕದಲ್ಲಿಟ್ಟರೆ ಸಾಧಾರಣ ಮಳೆಯೂ ಭರ್ಜರಿಯಾಗಿ ಕಾಣುತ್ತದೆ. ತುಂಬಿದ ವರ್ಷವನ್ನಿಟ್ಟರೆ ಅದೇ ಮಳೆ ಕೊರತೆಯಾಗಿ ಕಾಣುತ್ತದೆ. ಕಳೆದ ವರ್ಷದ ಜೊತೆಗೆ ಹತ್ತು ವರ್ಷದ ಸರಾಸರಿಯನ್ನೂ ಅಚ್ಚು ಹಾಕಬಹುದಲ್ಲ. ಲೆಕ್ಕ ಹಾಕುವ ಕೆಲಸವೂ ಪತ್ರಿಕೆಗಿಲ್ಲ. ದೇಶದ ಪ್ರಮುಖ ಜಲಾಶಯಗಳ ಸಂಗ್ರಹವನ್ನು ಕೇಂದ್ರ ಜಲ ಆಯೋಗ ಪ್ರತಿ ವಾರ ಪ್ರಕಟಿಸುವಾಗ ಕಳೆದ ವರ್ಷದ ಅಂಕಿಯ ಪಕ್ಕದಲ್ಲೇ ಹತ್ತು ವರ್ಷದ ಸರಾಸರಿಯನ್ನೂ ಕೊಟ್ಟಿರುತ್ತದೆ.